ಜೀಪಿನ ಎದುರು ಆಡಬಾರದ ಮಾತು

ಗೆಳೆಯರೇ, ಇವತ್ತು ನಮ್ಮ ಹಳೇ ಜೀಪು ಕೊಳ್ಳಲು ಕೊಟ್ಟಿಗೆಹಾರದಿಂದ ಒಬ್ಬರು ಬಂದಿದ್ದರು. ಮಾತು ಶುರುವಾಗುತ್ತಲೇ ಡ್ರೈವರ್ ಮಂಜಣ್ಣ ನನ್ನನ್ನು ಕಾಫಿ ಕಣದ ಆಚೆಗೆ ಕರೆದ.

"ಜೀಪಿನ ಎದುರಿಗೆ ಮಾರೋ ಮಾತಾಡ್ಬೇಡಿ ಅಕ್ಕಾ, ಅವ್ನು ಮುನಿಸ್ಕೊಳ್ತಾನೆ."

"ಕಬ್ಬಿಣಕ್ಕೆ ಕಿವಿ ಇದ್ಯಾ ಮಾರಾಯ?"

ಫೋನಿನಲ್ಲಿ ಕ್ಲಿಂಗನ್ ಎಂಬ, ಕತೆಯೊಂದರ ಅನ್ಯಗ್ರಹದವರ ಭಾಷೆ ಕಲಿಯುತ್ತಿರುವ ನನ್ನ ಮಗಳು ನಡುವೆ ಬಾಯಿ ಹಾಕಿದಳು. "ಅಮ್ಮಾ, ಕ್ಲಿಂಗನ್‌ನಲ್ಲಿ ಮಾತು ಬರೋರಿಗೆ ಒಂದು 'ನನ್ನ', ವಸ್ತುಗಳಿಗೆ ಬೇರೆ 'ನನ್ನ'. ಮನುಷ್ಯರಿಗೆ ವಸ್ತುವಿನದ್ದು ಹಾಕಿದ್ರೆ ಅವಮಾನ. ಮಂಜಣ್ಣ, ಜೀಪಿಗೆ ಯಾವ್ದು?"

"ಮಾತು ಬರೋರದ್ದೇ ಪುಟ್ಟಿ. ಬಾಳೂರಿನ ಏರಲ್ಲಿ ಗೇರ್ ತಪ್ಪಿದ್ರೆ ನಂಗೆ ಬೈತಾನೆ."

ನನಗೆ ರೇಗಿತು. ನೇರ ಹೋಗಿ ಬಾನೆಟ್ ಮೇಲೆ ಗುದ್ದಿ, "ಈ ಡಬ್ಬಾನ ಇವತ್ತೇ ಕೊಟ್ಬಿಡ್ತೀನಿ" ಎಂದು ಕೂಗಿದೆ.

ಕೀ ತಿರುಗಿಸಿದರೆ ಜೀಪು ಉಸಿರೆತ್ತಲಿಲ್ಲ. ಬಂದವರು ಅರ್ಧ ಗಂಟೆ ಕಾದು ಹೊರಟೇ ಹೋದರು.

ಅವರು ತಿರುವು ದಾಟುತ್ತಲೇ ಮಗಳು ಜೀಪು ಹತ್ತಿ, ಸ್ಟೇರಿಂಗ್ ಸವರಿ, ಮಾತು ಬರುವವರ 'ನನ್ನ' ಸೇರಿಸಿ ಕ್ಲಿಂಗನ್‌ನಲ್ಲಿ ಏನೋ ಅಂದಳು. ಮಂಜಣ್ಣ ಕೀ ತಿರುಗಿಸಿದ. ಮೊದಲ ಸಲಕ್ಕೇ ಸ್ಟಾರ್ಟ್!

ಜೀಪು ಸದ್ಯಕ್ಕೆ ಮಾರಾಟಕ್ಕಿಲ್ಲ. ಹೋದ ವಾರ ತೋಟದ ಮೋಟರಿಗೂ ಏನೇನೋ ಅಂದಿದ್ದೆ, ಅಂದಿನಿಂದ ಅದು ನೀರೆತ್ತಿಲ್ಲ. ನಾಳೆ ಹೋಗಿ ಕ್ಷಮೆ ಕೇಳಿ ನೋಡುತ್ತೇನೆ, ಕನ್ನಡದಲ್ಲೇ.