ಹಡಗಿಗೆ ಮೂರು ಪುಸ್ತಕ

ಹೋದ ವಾರ ಅಡುಗೆಮನೆಯಿಂದ ಮೈದಾ ಹಿಟ್ಟು ನೀರಿನಲ್ಲಿ ಕುದಿಯುವ ವಾಸನೆ ಬಂತು. ತಿಂಡಿಯ ವಾಸನೆಯಲ್ಲ, ಸಪ್ಪೆಯಾದ, ಸ್ವಲ್ಪ ಹುಳಿ ಬೆರೆತಂಥ ವಾಸನೆ. ಎದ್ದು ಹೋಗಿ ನೋಡಿದರೆ ಮೊಮ್ಮಗಳು ಬೆನ್ನು ಹರಿದ ನಿಘಂಟೊಂದನ್ನು ಪಕ್ಕದಲ್ಲಿಟ್ಟುಕೊಂಡು ಅಂಟು ಕಾಯಿಸುತ್ತಿದ್ದಳು. "ಒಂದು ಚಿಟಿಕೆ ಮೈಲುತುತ್ತ ಹಾಕೇ, ಇಲ್ದಿದ್ರೆ ಹುಳ ತಿನ್ನುತ್ತೆ" ಎಂದೆ. "ಅದೆಲ್ಲ ನಿಂಗೆ ಯಾರಜ್ಜಿ ಹೇಳ್ಕೊಟ್ರು?" ಎಂದಳು. ಚಾಚಿ ಎಂದೆ. ಯಾವ ಚಾಚಿ ಎಂದಳು. ಅಷ್ಟರಲ್ಲಿ ಅಂಟು ತಳ ಹಿಡಿಯಿತು, ಮಾತು ಅಲ್ಲಿಗೇ ನಿಂತಿತು. ಅವಳಿಗೆ ಹೇಳಬೇಕೆಂದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ…

ನಾನು ಮದುವೆಯಾಗಿ ಕೋಲಾರಕ್ಕೆ ಬಂದಾಗ ನನಗೆ ಹದಿನೆಂಟು ವರ್ಷ. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಮ್ಮ ಹಿತ್ತಿಲಿಗೂ ಪಕ್ಕದ ಹಿತ್ತಿಲಿಗೂ ನಡುವೆ ಒಂದು ಮಣ್ಣಿನ ಗೋಡೆ, ಅದರಲ್ಲಿ ಬಗ್ಗಿ ದಾಟುವಂಥ ಒಂದು ಪುಟ್ಟ ಬಾಗಿಲು. ಆ ಕಡೆಯದು ಪುಸ್ತಕಕ್ಕೆ ರಟ್ಟು ಕಟ್ಟುವವರ ಮನೆ. ಬೀದಿಯ ಕಡೆಯ ಕೋಣೆಯಲ್ಲಿ ಚಾಚಾ ರಟ್ಟು ಕತ್ತರಿಸುತ್ತ, ಅಂಟು ಬಳಿಯುತ್ತ ಕೂತಿರುತ್ತಿದ್ದರು. ಕಚೇರಿಯ ದಫ್ತರುಗಳು, ಶಾಲೆಯ ಪುಸ್ತಕಗಳು, ಹರಿದುಹೋದ ಪುರಾಣಗಳು, ಉರ್ದು ಕಿತಾಬುಗಳು ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಒಳಗಿನ ನಡುಮನೆಯಲ್ಲಿ ಗೋಡೆಗೊರಗಿ ಕೂತು ಆ ಹಾಳೆಗಳ ಮಡಿಕೆಗಳನ್ನು ಒಂದೊಂದಾಗಿ ಸೂಜಿದಾರದಲ್ಲಿ ಹೊಲಿಯುತ್ತಿದ್ದವರು ಚಾಚಿ. ಮೂವತ್ತು ವರ್ಷದಿಂದ ಅದೇ ಕೆಲಸ. ಎಷ್ಟು ಸಾವಿರ ಪುಸ್ತಕ ಅವರ ಕೈಯಲ್ಲಿ ಹಾದುಹೋಗಿತ್ತೋ… ಅವರಿಗೆ ಮಾತ್ರ ಓದು ಬರುತ್ತಿರಲಿಲ್ಲ. ಪುಟದ ಅಂಕಿಗಳು ಗೊತ್ತಿದ್ದವು, ಕನ್ನಡದ್ದೂ ಇಂಗ್ಲಿಷಿನದೂ ಉರ್ದುವಿನದೂ. ಅದು ಗೊತ್ತಿಲ್ಲದಿದ್ದರೆ ಮಡಿಕೆಗಳು ಹಿಂದುಮುಂದಾಗುತ್ತವೆ.

ನಾನು ಓದಿದ್ದು ಲೋವರ್ ಸೆಕೆಂಡರಿಯವರೆಗೆ, ಮುಳಬಾಗಿಲಿನ ಸೋದರಮಾವನ ಮನೆಯಲ್ಲಿದ್ದುಕೊಂಡು. ಗಂಡನ ಮನೆಗೆ ಬಂದ ಮೇಲೆ ಪುಸ್ತಕ ಮುಟ್ಟುವುದು ಕಷ್ಟವಾಯಿತು. ಓದುವ ಸೊಸೆ ಹಾಲು ಉಕ್ಕಿಸುತ್ತಾಳೆ ಎಂದು ನಮ್ಮತ್ತೆಯ ನಂಬಿಕೆ. ಸುಳ್ಳು ಹೇಳಬಾರದು, ಮೊದಲ ತಿಂಗಳಲ್ಲೇ ಎರಡು ಸಲ ಉಕ್ಕಿಸಿದ್ದೆ.

ದಸರಾ ಮುಗಿದ ಮೇಲೆ ಒಂದು ಮಧ್ಯಾಹ್ನ ಚಾಚಿ ಗೋಡೆಯ ಬಾಗಿಲು ಬಗ್ಗಿ ದಾಟಿ ಬಂದು ನಮ್ಮ ಮಾವಿನ ಮರದ ಕೆಳಗೆ ಕೂತರು. ಮುಖ ಬಾಡಿತ್ತು. ಚಾಚಾ ಹಜ್ ಯಾತ್ರೆಗೆ ಎಲ್ಲ ಏರ್ಪಾಡು ಮಾಡಿದ್ದರು. ಬೊಂಬಾಯಿಯವರೆಗೆ ರೈಲು, ಅಲ್ಲಿಂದ ಹಡಗು, ಹತ್ತು ಹನ್ನೆರಡು ದಿನ ಬರೀ ನೀರಿನ ಮೇಲೆ. ಚಾಚಿಗೆ ಸಮುದ್ರವೆಂದರೆ ಪ್ರಾಣಭಯ.

"ಅಮ್ಮಾಯೀ, ನಿಮ್ಮೂರು ಸಮುದ್ರ ಅಲ್ವಾ? ನೀನು ಹೇಳು. ಹಡಗಲ್ಲಿ ಕೂತ್ರೆ ಹೊಟ್ಟೆ ತೊಳಸುತ್ತಂತೆ, ಹೌದಾ?"

ನನ್ನ ತವರು ದೇವರಾಯಸಮುದ್ರ. ಅಲ್ಲಿರುವುದು ಒಂದು ಹಳೇ ಕೆರೆ.

"ಚಾಚೀ, ಅದು ಕೆರೆ. ಹೆಸರು ಮಾತ್ರ ಸಮುದ್ರ."

"ಕೆರೆನೋ ಸಮುದ್ರನೋ, ನೀರು ನೀರೇ. ನೀನು ದಂಡೇಲಿ ಬೆಳೆದೋಳು. ನಾನು ಬಾವಿ ಬಿಟ್ರೆ ಕೋಲಾರಮ್ಮನ ಕೆರೆ ನೋಡಿರೋದು, ಅದೂ ಜಟಕಾ ಪರದೆ ಸಂದೀಲಿ."

ಸುಗಟೂರಿನ ತಂಗಿಯ ಮನೆಗೆ ಎತ್ತಿನ ಗಾಡಿಯಲ್ಲಿ ಹೋದರೇ ವಾಂತಿಗೆಂದು ಚಾಚಿಯನ್ನು ದಾರಿಯಲ್ಲಿ ನಾಲ್ಕು ಸಲ ಇಳಿಸಬೇಕಾಗುತ್ತಿತ್ತಂತೆ. ತಾನು ಬರುವುದಿಲ್ಲವೆಂದು ಅವರು ಹೇಳಿದರೆ, ಹೋದರೆ ಇಬ್ಬರೂ, ಇಲ್ಲದಿದ್ದರೆ ಯಾರೂ ಬೇಡ ಎಂದು ಚಾಚಾ ಹಟ ಹಿಡಿದಿದ್ದರು. ಮಾಲೂರಿನ ಕಡೆಯಿಂದ ಹಜ್‌ಗೆ ಹೋಗಿಬಂದಿದ್ದ ಹಿರಿಯರೊಬ್ಬರು ಒಂದು ಉಪಾಯ ಹೇಳಿದ್ದರು. ನೀರು ನೋಡಬಾರದು, ಮನಸ್ಸನ್ನು ಬೇರೆ ಯಾವುದಾದರೂ ವಿಷಯದಲ್ಲಿ ತೊಡಗಿಸಬೇಕು, ಆಗ ವಾಂತಿ ಬರುವುದಿಲ್ಲ. ಚಾಚಾಗೆ ಉರ್ದುವೂ ಕನ್ನಡವೂ ಓದಲು ಬರುತ್ತಿತ್ತು. ಹಡಗಿನಲ್ಲಿ ಅವರು ಕಥೆ ಓದಿದರೆ ತಾನು ಕಣ್ಣು ಮುಚ್ಚಿ ಕೇಳಬಹುದೆಂದು ಚಾಚಿಯ ಆಸೆ. ಆದರೆ ಯಾವ ಕಥೆ? ತಗಡಿನ ಪೆಟ್ಟಿಗೆಯಲ್ಲಿ ಅಕ್ಕಿ, ಬೇಳೆ, ಉಪ್ಪಿನಕಾಯಿ, ಬಟ್ಟೆ, ಸತ್ತರೆ ಹೊದಿಸಲು ಕಫನ್ನಿನ ಬಿಳಿ ಬಟ್ಟೆ, ಪ್ರಾರ್ಥನೆಯ ಕಿತಾಬುಗಳು ಎಲ್ಲ ಹಿಡಿಸಬೇಕು. ಚಾಚಾ ತಮ್ಮ ಅಳತೆಪಟ್ಟಿ ಇಟ್ಟು ನೋಡಿ, ಮೂರು ಪುಸ್ತಕಕ್ಕೆ ಮಾತ್ರ ಜಾಗ ಎಂದಿದ್ದರು.

ನಮ್ಮ ಮಾವಿನ ಮರಕ್ಕೆ ಒಂದು ಹಲಗೆಯ ಉಯ್ಯಾಲೆ ಕಟ್ಟಿತ್ತು. ನನ್ನ ನಾದಿನಿ ಮದುವೆಯಾಗಿ ಹೋದ ಮೇಲೆ ಅದರಲ್ಲಿ ಕೂರುವವರಿರಲಿಲ್ಲ. ನನಗೆ ಏನು ತೋಚಿತೋ, "ಚಾಚೀ, ನೀವು ಇದರಲ್ಲಿ ಕೂತ್ಕೊಳಿ. ನಾನು ಓದ್ತೀನಿ. ಯಾವ ಪುಸ್ತಕ ಕೇಳ್ತಾ ಹೊಟ್ಟೆ ತೊಳಸಲ್ವೋ ಅದು ಹಡಗಿಗೆ" ಎಂದೆ.

ಉಯ್ಯಾಲೆ ತೂಗಲು ಒಬ್ಬರು ಬೇಕಲ್ಲ. ಅತ್ತೆಯನ್ನು ಕೇಳಲು ಧೈರ್ಯ ಸಾಲಲಿಲ್ಲ. ಆದರೆ ಅವರೇ ಹಿತ್ತಿಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಯಾತ್ರೆಗೆ ಹೋಗೋರಿಗೆ ಸಹಾಯ ಮಾಡಿದ್ರೆ ಅರ್ಧ ಪುಣ್ಯ ನಮಗೂ ಬರುತ್ತೆ. ಕೂತ್ಕೋ ಬೂಬಮ್ಮ" ಎಂದು ಚಾಚಿಗೆ ಹೇಳಿ ಸೆರಗು ಸಿಕ್ಕಿಸಿಕೊಂಡು ಬಂದರು.

ಹೀಗೆ ಶುರುವಾಯಿತು ನಮ್ಮ ಪರೀಕ್ಷೆ. ದಿನವೂ ಊಟವಾದ ಮೇಲೆ ಚಾಚಿ ಒಂದು ಪುಸ್ತಕ ತರುತ್ತಿದ್ದರು. ಕೊಟ್ಟವರು ವರ್ಷಗಟ್ಟಲೆ ವಾಪಸು ಕೇಳದ ಪುಸ್ತಕಗಳ ಒಂದು ಗುಡ್ಡೆಯೇ ಅವರ ಮನೆಯಲ್ಲಿತ್ತು. ಮೊದಲು ಬಂದದ್ದು ಒಬ್ಬರು ಕಾಶಿಗೆ ಹೋಗಿಬಂದ ವೃತ್ತಾಂತ. ಬರೆದವರು ಪ್ರತಿ ಊರಿನಲ್ಲೂ ಊಟ ಚೆನ್ನಾಗಿರಲಿಲ್ಲವೆಂದು ಗೊಣಗಿದ್ದರು. ನಾಲ್ಕನೇ ಊರಿನ ಹೊತ್ತಿಗೆ ಚಾಚಿ ಬಾಯಿಗೆ ಸೆರಗು ಹಿಡಿದು ಇಳಿದುಬಿಟ್ಟರು. ಆಮೇಲೆ ಅತ್ತೆಯ ಶಿಫಾರಸಿನ ಮೇಲೆ ಒಬ್ಬ ಪತಿವ್ರತೆಯ ಕಥೆ. ಗಂಡ ಅವಳನ್ನು ಕಾಡಿಗೆ ಅಟ್ಟುತ್ತಾನೆ, ಅವಳು ಅಲ್ಲಿಯೂ ಅವನ ಪಾದವನ್ನೇ ನೆನೆಯುತ್ತಾಳೆ. ಚಾಚಿ ಉಯ್ಯಾಲೆಯನ್ನು ಕಾಲೂರಿ ನಿಲ್ಲಿಸಿದರು.

"ಅಕ್ಕಯ್ಯಾ, ಆ ಗಂಡಂಗೆ ಕಪಾಳಕ್ಕೆ ಒಂದು ಬಿಡೋರು ಆ ಊರಲ್ಲಿ ಯಾರೂ ಇರ್ಲಿಲ್ವಾ?"

ಅತ್ತೆ ಹಗ್ಗ ಹಿಡಿದುಕೊಂಡೇ ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆ ಮನೆಗೆ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂದು ಹಾಲು ಉಕ್ಕಿದ್ದು ಅವರ ಕೈಯಲ್ಲಿ.

ಒಗಟುಗಳ ಒಂದು ತೆಳ್ಳನೆ ಪುಸ್ತಕ ಸುಲಭವಾಗಿ ಪಾಸಾಯಿತು. ಎರಡನೆಯದು ನನ್ನ ಹಳೇ ಭೂಗೋಳದ ಪುಸ್ತಕ. ಅದರಲ್ಲಿ ಅರಬ್ಬೀ ಸಮುದ್ರದ ನಕಾಶೆ ಇತ್ತು. ಬೊಂಬಾಯಿಯಿಂದ ಆ ದಡಕ್ಕೆ ಚಾಚಿ ಹೆಬ್ಬೆರಳಿಟ್ಟು ಅಳೆದು, "ಇಷ್ಟೇನಾ?" ಎಂದು ಸ್ವಲ್ಪ ಧೈರ್ಯ ತಂದುಕೊಂಡರು. ಮೂರನೆಯದು ಒಂದು ಪತ್ತೇದಾರಿ ಕಾದಂಬರಿ. ಒಬ್ಬ ಜಮೀನ್ದಾರರ ಮನೆಯಲ್ಲಿ ಮುದುಕಿಯ ವಜ್ರದ ಓಲೆ ಕಳುವಾಗುತ್ತದೆ. ನಾನು ಓದಿದೆ, ಅತ್ತೆ ತೂಗಿದರು, ಚಾಚಿ ಕೇಳಿದರು. ಎರಡು ಅಧ್ಯಾಯ ಮುಗಿದಾಗ ಬಿಸಿಲು ಇಳಿದಿತ್ತು. ಚಾಚಿಗೆ ತಾವು ಉಯ್ಯಾಲೆಯ ಮೇಲಿದ್ದೇವೆಂಬುದೇ ಮರೆತುಹೋಗಿತ್ತು. "ನಿಲ್ಸು ನಿಲ್ಸು, ಇನ್ನು ಓದ್ಬೇಡ. ಮಿಕ್ಕಿದ್ದು ನೀರಿನ ಮೇಲೆ" ಎಂದು ಪುಸ್ತಕ ಕಿತ್ತುಕೊಂಡು, ನಾನು ಮುಂದೆ ಓದಿಬಿಡುತ್ತೇನೆಂದು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಅದನ್ನು ಅಕ್ಕಿಯ ಡಬ್ಬದಲ್ಲಿಟ್ಟರು.

ಚಾಚಾಗೆ ಮಾತ್ರ ಮುಜುಗರ. "ಹಜ್‌ಗೆ ಹೋಗೋವಾಗ ಕಳ್ಳರ ಕಥೇನಾ?" ಎಂದು ಗೋಡೆಯಾಚೆಯಿಂದ ಕೇಳಿದರಂತೆ. "ಅಲ್ಲಿ ಇಳಿದ ಮೇಲೆ ಪೆಟ್ಟಿಗೆ ತಳಕ್ಕೆ ಹಾಕ್ತೀನಿ. ಅಲ್ಲೀಗಂಟ ನನ್ನ ತಲೆ ನೆಟ್ಟಗಿರ್ಬೇಕಲ್ಲ" ಎಂದರಂತೆ ಚಾಚಿ.

ಎರಡು ದಿನ ತಡೆದುಕೊಂಡೆ. ಮೂರನೇ ದಿನ ಅತ್ತೆ ದೇವಸ್ಥಾನಕ್ಕೆ ಹೋದಾಗ ಅಕ್ಕಿಯ ಡಬ್ಬಕ್ಕೆ ಕೈಹಾಕಿದೆ. ಓಲೆ ಕದ್ದವರು ಯಾರೆಂದು ತಿಳಿಯದೆ ನನಗೆ ನಿದ್ದೆ ಬರುತ್ತಿರಲಿಲ್ಲ. ನೇರವಾಗಿ ಕೊನೆಗೆ ತಿರುಗಿಸಿದೆ… ಕೊನೆಯೇ ಇರಲಿಲ್ಲ. ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ, "ಕಳ್ಳ ಇಲ್ಲಿಯೇ ಇದ್ದಾನೆ" ಎನ್ನುತ್ತಾನೆ. ಅಲ್ಲಿಗೆ ಪುಸ್ತಕ ಮುಗಿದಿತ್ತು. ಒಂದು ಇಡೀ ಮಡಿಕೆ ಗೆದ್ದಲಿನ ಪಾಲಾಗಿತ್ತು.

ಏನು ಮಾಡುವುದು? ಹೇಳಿದರೆ ಚಾಚಿ ಆ ಪುಸ್ತಕ ಬಿಡುತ್ತಾರೆ. ಅವರಿಗೆ ಉಯ್ಯಾಲೆಯನ್ನೇ ಮರೆಸಿದ್ದು ಅದೊಂದೇ. ಅದನ್ನು ಬಿಟ್ಟರೆ ಹಡಗನ್ನೂ ಬಿಡಬಹುದು. ಹೇಳದಿದ್ದರೆ ನಡುನೀರಿನಲ್ಲಿ ಅವರಿಗೆ ಮೋಸ. ಪುಸ್ತಕವನ್ನು ಮತ್ತೆ ಅಕ್ಕಿಯಲ್ಲಿ ಹೂತು ಸುಮ್ಮನಾದೆ. ಆದರೆ ಅಂದಿನಿಂದ ಅವರ ಮುಖ ನೋಡಿ ಮಾತಾಡಲು ಕಷ್ಟವಾಯಿತು.

ಈ ನಡುವೆ ಇನ್ನೊಂದು ನಡೆಯಿತು. ಮೂರು ಪುಸ್ತಕ ಸಿಕ್ಕ ಮೇಲೂ ಮಧ್ಯಾಹ್ನದ ಓದು ನಿಂತಿರಲಿಲ್ಲ. ಬೇರೊಂದು ಪುಸ್ತಕ ಓದುವಾಗ ಗಂಡಹೆಂಡಿರ ಸರಸದ ಒಂದು ಪುಟ ಬಂತು. ಅತ್ತೆಯ ಎದುರು ಓದಲು ನಾಚಿಕೆಯಾಗಿ ಹಾರಿಸಿದೆ. "ಅಮ್ಮಾಯೀ, ನಲವತ್ತೊಂದು ಬಿಟ್ಟೆ" ಎಂದರು ಚಾಚಿ. ಅಂಕಿ ನೋಡಿದ್ದರು. ಅಷ್ಟೇ ಅಲ್ಲ, ಪುಟದ ಮೇಲಿನ 'ಅಧ್ಯಾಯ' ಎಂಬ ಪದವನ್ನೂ ಬೆರಳಿಟ್ಟು ಓದಿದರು. ಮೂವತ್ತು ವರ್ಷ ಕಣ್ಣೆದುರು ಹಾದುಹೋದ ಅಕ್ಷರಗಳಲ್ಲಿ ಅರ್ಧದಷ್ಟು ಅವರಿಗೆ ಗೊತ್ತೇ ಇದ್ದವು, ಕೂಡಿಸಲು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಮಿಕ್ಕ ಅರ್ಧವನ್ನು ನಾನು ಹೇಳಿಕೊಟ್ಟೆ. ಅವರೇಕಾಯಿ ಸುಲಿಯುತ್ತ ಕಾಳಿನಲ್ಲೇ ಒತ್ತಕ್ಷರ ಜೋಡಿಸಿ ಕಲಿತರು. ಅವರೆಯ ಕಾಲ ಮುಗಿಯುವ ಮುಂಚೆಯೇ ಹೊರಟೂಬಿಟ್ಟರು. ಚಿಕ್ಕ ರೈಲಿನ ಕಿಟಕಿಯಲ್ಲಿ ಚಾಚಾ ಕೈಬೀಸುತ್ತಿದ್ದರು, ಚಾಚಿ ಆಗಲೇ ಕಣ್ಣು ಮುಚ್ಚಿದ್ದರು ಎಂದು ಸ್ಟೇಷನ್ನಿಗೆ ಹೋಗಿದ್ದ ನನ್ನ ಯಜಮಾನರು ಬಂದು ಹೇಳಿದರು.

ಅವರು ಮರಳಿ ಬಂದಾಗ ಮರದಲ್ಲಿ ಮಾವಿನಕಾಯಿ ನಿಂಬೆಯ ಗಾತ್ರ ಬಂದಿತ್ತು. ಚಾಚಿ ಕಪ್ಪಾಗಿದ್ದರು, ಸಣ್ಣಗಾಗಿದ್ದರು, ದನಿ ಮಾತ್ರ ದೊಡ್ಡದಾಗಿತ್ತು. ಖರ್ಜೂರದ ಪೊಟ್ಟಣ ಅತ್ತೆಯ ಕೈಗಿಟ್ಟು ಉಯ್ಯಾಲೆಯ ಮೇಲೆ ಕೂತು ಹೇಳತೊಡಗಿದರು.

ಹಡಗು ಹೊರಟ ದಿನವೇ ಚಾಚಾ ಮಲಗಿಬಿಟ್ಟರಂತೆ. ಹೆಂಡತಿಗೆ ಓದಿ ಹೇಳಬೇಕಾದವರಿಗೆ ತಲೆಯೆತ್ತಲೂ ಆಗುತ್ತಿರಲಿಲ್ಲ. ಗಂಡನನ್ನು ನೋಡಿಕೊಳ್ಳುವ ಗಡಿಬಿಡಿಯಲ್ಲಿ ಚಾಚಿಗೆ ವಾಂತಿ ಮಾಡಿಕೊಳ್ಳಲು ಪುರುಸೊತ್ತೇ ಸಿಗಲಿಲ್ಲ. ಎರಡನೇ ದಿನ ಪುಸ್ತಕ ತೆಗೆದು ಅಕ್ಷರ ಕೂಡಿಸಿ ಕೂಡಿಸಿ ಅವರೇ ಓದತೊಡಗಿದರು. ಒಂದು ಸಾಲಿಗೆ ಒಂದು ಗಳಿಗೆ. ಸುತ್ತಲೂ ಕನ್ನಡ ತೆಲುಗು ಬಲ್ಲ ಹೆಂಗಸರು ಬಂದು ಕೂತರು. ತುಮಕೂರಿನ ಒಬ್ಬ ಮುದುಕಿ, ಚಿತ್ತೂರಿನ ಅಕ್ಕತಂಗಿಯರು… ಒಂಬತ್ತನೇ ದಿನ "ಕಳ್ಳ ಇಲ್ಲಿಯೇ ಇದ್ದಾನೆ" ಎಂಬಲ್ಲಿಗೆ ಬಂದು ನಿಂತಿತು.

"ಆಮೇಲೆ?" ಎಂದರು ಅತ್ತೆ. ಹಗ್ಗ ಬಿಟ್ಟು ಎದುರಿಗೇ ಕೂತಿದ್ದರು.

"ಆಮೇಲೇನು, ಜಗಳ. ಒಬ್ಳು ಅಳಿಯ ಕದ್ದ ಅಂದ್ಲು, ಒಬ್ಳು ಪೊಲೀಸೋನೇ ಅಂದ್ಲು. ತುಮಕೂರಿನ ಮುದುಕಿ ಹೇಳ್ತಾಳೆ, ಯಾರೂ ಕದ್ದಿಲ್ಲ, ಎಲ್ಲಿಟ್ಟೆ ಅಂತ ಓಲೆಯೋಳೇ ಮರ್ತಿದ್ದಾಳೆ ಅಂತ. ಗಲಾಟೆಗೆ ಹಡಗಿನ ಖಲಾಸಿ ಓಡಿ ಬಂದ. ನಮ್ಮ ಯಜಮಾನ್ರು ಒಂಬತ್ತು ದಿನಕ್ಕೆ ಎದ್ದು ಕೂತ್ಕೊಂಡು, ಅಡುಗೆಯೋನ್ನ ಹಿಡೀರಿ ಅಂದ್ರು. ಅವತ್ತು ಗಂಜಿ ಕುಡಿದ್ರು."

ಅವರಿಬ್ಬರೂ ನಕ್ಕರು. ನನಗೆ ನಗಲಾಗಲಿಲ್ಲ. ಅತ್ತೆ ಒಳಗೆ ಹೋದ ಮೇಲೆ, ಕೊನೆಯ ಮಡಿಕೆ ಇಲ್ಲವೆಂದು ನನಗೆ ಮೊದಲೇ ತಿಳಿದಿತ್ತು, ಮುಚ್ಚಿಟ್ಟೆ ಎಂದು ಒಪ್ಪಿಕೊಂಡೆ. ಚಾಚಿ ನನ್ನ ಗಲ್ಲ ಹಿಡಿದರು.

"ಹುಚ್ಚೀ, ಮೂವತ್ತು ವರ್ಷ ಹೊಲಿದೋಳು ನಾನು. ಬೆನ್ನು ಮುಟ್ಟಿದ್ ಕೂಡ್ಲೇ ಗೊತ್ತಾಯ್ತು ಒಂದು ಮಡಿಕೆ ಕಮ್ಮಿ ಅಂತ."

"ಮತ್ತೆ ಆಗಲೇ ಯಾಕೆ ಹೇಳ್ಲಿಲ್ಲ?"

"ನೀನು ಓದೋವಾಗ ನಿನ್ನ ಮುಖ ನೋಡ್ದೆ. ಮದುವೆಯಾಗಿ ಬಂದಾಗಿಂದ ಅಷ್ಟು ಖುಷಿ ಕಂಡಿರ್ಲಿಲ್ಲ. ಕೊನೆ ಇಲ್ಲ ಅಂದ್ರೆ ನೀನು ಓದೋದೇ ನಿಲ್ಲಿಸಿಬಿಡ್ತಿದ್ದೆ, ಅಲ್ವಾ?"

ನಾನು ಹಗ್ಗ ಹಿಡಿದು ಉಯ್ಯಾಲೆ ತೂಗತೊಡಗಿದೆ.

ಆಮೇಲಿನ ವರ್ಷಗಳಲ್ಲಿ ಚಾಚಾಗೆ ಒಂದೇ ದೂರು. ಮೊದಲು ದಿನಕ್ಕೆ ಹತ್ತು ಪುಸ್ತಕ ಹೊಲಿಯುತ್ತಿದ್ದವಳು ಈಗ ಓದಿ ಮುಗಿಸದೆ ಸೂಜಿ ಮುಟ್ಟುವುದಿಲ್ಲ, ಕಚೇರಿಯ ದಫ್ತರನ್ನೂ ಬಿಡುವುದಿಲ್ಲ ಎಂದು. ಯಾವ ಊರಿನ ಯಾವ ಹೊಲಕ್ಕೆ ಯಾರ ತಕರಾರಿದೆ ಎಂಬುದು ಅಮಲ್ದಾರರಿಗಿಂತ ಚಾಚಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮತ್ತೆಯೂ ಮಧ್ಯಾಹ್ನವಾದರೆ ಆ ಪುಟ್ಟ ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದರು.

ಯುದ್ಧದ ನಡುವೆ ನನ್ನ ಯಜಮಾನರಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಚಾಚಿ ಕಾರ್ಡು ಬರೆಯುತ್ತಿದ್ದರು. ದಪ್ಪದಪ್ಪ ಅಕ್ಷರ, ಸಾಲು ಮೇಲಕ್ಕೆ ಏರುತ್ತಿತ್ತು. ಕೊನೆಯ ಕಾರ್ಡಿನಲ್ಲಿ, ಹೊಸದಾಗಿ ಏನು ಓದಿದೆ, ನನಗೂ ಒಂದು ಹೆಸರು ಬರಿ ಎಂದು ಕೇಳಿದ್ದರು. ನನಗಾಗ ಎರಡನೇ ಬಾಣಂತನ. ಇವತ್ತು ಬರೆದರಾಯಿತು, ನಾಳೆ ಬರೆದರಾಯಿತು ಎನ್ನುತ್ತ ಎರಡು ತಿಂಗಳು ಕಳೆದವು. ಕೊನೆಗೆ ಕೂತು ನಾಲ್ಕು ಪುಟ ಬರೆದು ಹಾಕಿದೆ.

ಉತ್ತರ ಬಂದದ್ದು ಚಾಚಾ ಕೈಯಿಂದ. "ನಿನ್ನ ಕಾಗದ ಬಂದಾಗ ಅವಳು ಹೋಗಿ ಎಂಟು ದಿನವಾಗಿತ್ತು ಮಗಳೇ. ಜ್ವರ ಮೂರೇ ದಿನ. ಅವಳು ಕೂರುತ್ತಿದ್ದ ಜಾಗದಲ್ಲಿ ಕೂತು ನಾಲ್ಕು ಪುಟವನ್ನೂ ಗಟ್ಟಿಯಾಗಿ ಓದಿದೆ. ನೀನು ಹೇಳಿದ ಪುಸ್ತಕ ತರಿಸಿದ್ದೇನೆ. ದಿನಕ್ಕೆ ಒಂದು ಅಧ್ಯಾಯ ಓದುತ್ತೇನೆ."

ಅಂದಿನಿಂದ ನಾನು ಯಾವ ಕಾಗದ ಬಂದರೂ ಅದೇ ದಿನ ಉತ್ತರ ಬರೆದುಬಿಡುತ್ತಿದ್ದೆ. ಮಕ್ಕಳು ನಗುತ್ತಿದ್ದರು, ಅಮ್ಮನಿಗೆ ಏನು ಅವಸರ ಎಂದು. ಈಗ ನನಗೆ ಕಾಗದ ಬರೆಯುವವರು ಯಾರೂ ಉಳಿದಿಲ್ಲ. ಆದರೂ ಟಪಾಲಿನವನು ಬೀದಿಯಲ್ಲಿ ಸೈಕಲ್ ನಿಲ್ಲಿಸಿದರೆ ಕೈ ತಾನಾಗಿಯೇ ಪೆನ್ನು ಹುಡುಕುತ್ತದೆ…