ಪುರಭವನದ ದೊಡ್ಡ ಗಂಟೆ

ಇಗರ್ಜಿಯ ಗಂಟೆ ಕೇಳಿದ ಮೇಲೆಯೇ ಸತ್ತವರಿಗೆ ತಾವು ಸತ್ತದ್ದು ಗೊತ್ತಾಗುವುದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಅಲ್ಲಿಯವರೆಗೆ ಅವರು ಎಂದಿನ ಹೊತ್ತಿಗೆ ಮನೆಗೆ ಬರುತ್ತಲೇ ಇರುತ್ತಾರಂತೆ. ಉಡುಪಿಯ ಕಡಲಬದಿಯ ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಗಂಟೆ ಬಾರಿಸಲು ಹೇಳಿಕಳಿಸುತ್ತಿದ್ದರು, ನೆಂಟರ ಸರದಿ ಆಮೇಲೆ. ನಾನು ಇದನ್ನೆಲ್ಲ ನಂಬಿದವಳಲ್ಲ. ಅಜ್ಜಿಯನ್ನು ಇದೇ ಮಾತಿಗೆ ಎಷ್ಟೋ ಸಲ ಗೇಲಿ ಮಾಡಿದ್ದೇನೆ.

ನನ್ನ ಗಂಡ ತೀರಿಕೊಂಡದ್ದು ಕೊರೊನಾ ಕಾಲದಲ್ಲಿ, ದೋಹಾದಲ್ಲಿ. ವಿಮಾನಗಳಿರಲಿಲ್ಲ, ಇಲ್ಲೇ ಮಣ್ಣು ಮಾಡಿದೆವು. ಇಲ್ಲಿ ಪೂಜೆಗೆ ಅಡ್ಡಿಯಿಲ್ಲ, ಆದರೆ ಇಲ್ಲಿನ ನಮ್ಮ ಇಗರ್ಜಿಗೆ ಗಂಟೆಯಿಲ್ಲ. ಊರಿಗೆ ಫೋನ್ ಮಾಡಿದಾಗ ಮೈದುನ, ಇಲ್ಲಿ ಇಗರ್ಜಿಗೇ ಬೀಗ ಹಾಕಿದ್ದಾರೆ, ತೆರೆದ ಮೇಲೆ ಬಾರಿಸೋಣ ಎಂದ. ತೆರೆದ ಮೇಲೆ ಅವನು ಮರೆತ. ನಾನು ಮರೆತಿರಲಿಲ್ಲ, ಬೇಕೆಂದೇ ನೆನಪಿಸಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಐನ್ ಖಾಲಿದ್‌ನ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಸಂಜೆ ಐದೂವರೆಗೆ ಕೀಲಿ ತಿರುಗುವ ಸದ್ದು ಕೇಳತೊಡಗಿತ್ತು. ಅದು ಅವರು ಡ್ಯೂಟಿ ಮುಗಿಸಿ ಬರುತ್ತಿದ್ದ ಹೊತ್ತು. ಒಂದು ಸುತ್ತು, ಸ್ವಲ್ಪ ತಡೆ, ಇನ್ನೊಂದು ಸುತ್ತು. ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ, ನಾನೂ ಎದ್ದು ತೆರೆಯಲಿಲ್ಲ. ಮೊದಲ ದಿನ ಹೆದರಿ ಮಲಗುವ ಕೋಣೆ ಸೇರಿಕೊಂಡೆ. ತಿಂಗಳು ಕಳೆಯುವಷ್ಟರಲ್ಲಿ ಆ ಸದ್ದಿಗಾಗಿಯೇ ಬೇಗ ಮನೆ ಸೇರುತ್ತಿದ್ದೆ. ನಿಜ ಹೇಳುತ್ತೇನೆ, ನನಗೆ ಅದರಿಂದ ಸಂತೋಷವಾಗುತ್ತಿತ್ತು.

ಹಮದ್ ಬಂದರಿನಲ್ಲಿ ನನ್ನದು ಹಡಗಿನ ಸಾಮಾನುಗಳ ಕಾಗದಪತ್ರ ನೋಡುವ ಕೆಲಸ. ಎರಡು ಚಳಿಗಾಲದ ಹಿಂದೆ ಒಂದು ಕಂಟೇನರು ಹಡಗು ಬದಲಾಯಿಸಲು ಇಲ್ಲಿ ಇಳಿಯಿತು. ಒಳಗಿದ್ದದ್ದು ದೂರದ ಯಾವುದೋ ಊರಿನ ಪುರಭವನದ ಗೋಪುರದ ಗಂಟೆಗಳು. ರಿಪೇರಿಗೆ ಹೋಗಿ ತಮ್ಮೂರಿಗೆ ಮರಳುತ್ತಿದ್ದವು. ಟೊಮೆಟೊ ಕಳಿಸುವವರು ಒಂದು ಹಾಳೆಯನ್ನು ನೆಟ್ಟಗೆ ತುಂಬುವುದಿಲ್ಲ, ಈ ನಗರಸಭೆಯವರು ಗಂಟೆಗಳ ಜಾತಕವನ್ನೇ ಲಗತ್ತಿಸಿದ್ದರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಪೂರ್ತಿ ಓದಿದೆ.

ಇಂಥ ಗಂಟೆಗಳ ಮೇಳಕ್ಕೆ ಕೆರಿಲಾನ್ ಎನ್ನುತ್ತಾರಂತೆ. ಗೋಪುರದೊಳಗೆ ಒಬ್ಬ ಕುಳಿತು ಮರದ ಹಿಡಿಗಳ ಸಾಲನ್ನು ಮುಷ್ಟಿಯಿಂದ ಗುದ್ದುತ್ತಾನೆ, ತಂತಿ ಎಳೆದು ಮೇಲಿನ ಗಂಟೆಗಳು ಹಾಡು ನುಡಿಯುತ್ತವೆ. ಯುದ್ಧದಲ್ಲಿ ಫಿರಂಗಿಗೆ ಲೋಹ ಬೇಕೆಂದು ಸಣ್ಣ ಗಂಟೆಗಳನ್ನೆಲ್ಲ ಇಳಿಸಿ ಒಯ್ದರು. ದೊಡ್ಡ ಗಂಟೆಯೊಂದು ಗೋಪುರದ ಕಿಟಕಿಯಲ್ಲಿ ಹಿಡಿಸದೆ ಉಳಿದುಕೊಂಡಿತು; ಈ ಸಲ ರಿಪೇರಿಗೆ ಗೋಡೆ ಒಡೆದೇ ಇಳಿಸಿದ್ದರಂತೆ. ಯುದ್ಧ ಮುಗಿದ ಮೇಲೆ ಮನೆಮನೆಯವರು ತಪ್ಪಲೆ, ಬಾಗಿಲ ಹಿಡಿ ಕೊಟ್ಟು ಉಳಿದವನ್ನು ಮತ್ತೆ ಎರಕ ಹೊಯ್ಯಿಸಿದರು. ಆ ದೊಡ್ಡ ಗಂಟೆ ಮಾತ್ರ ಹಾಡಿಗೆ ಸೇರುತ್ತಿರಲಿಲ್ಲ. ಊರು ಬಿಟ್ಟು ಹೋಗಿ ಪರದೇಶದಲ್ಲಿ ಸತ್ತು, ಹೆಣವೂ ಮರಳದವರಿಗಾಗಿ ಅದನ್ನು ಬಾರಿಸುತ್ತಿದ್ದರು. ಅಲ್ಲಿಗೆ ಬಂದಾಗ ಡಬ್ಬಿ ಮುಚ್ಚಿಟ್ಟೆ.

ಕಂಟೇನರಿನ ಒಂದು ಮೂಲೆ ಸಮುದ್ರದಲ್ಲೇ ನೆಗ್ಗಿತ್ತು. ಹಾಗಾಗಿ ಮುಂದಿನ ಹಡಗಿಗೆ ಏರಿಸುವ ಮೊದಲು ಪ್ರತಿ ಗಂಟೆಯನ್ನೂ ಎತ್ತಿ ತೂಗುಹಾಕಿ, ಮರದ ಸುತ್ತಿಗೆಯಿಂದ ಹೊಡೆದು, ಬಿರುಕಿದೆಯೇ ಎಂದು ನೋಡಬೇಕಿತ್ತು. ಸರಕಿನ ಹಾನಿ ಪರೀಕ್ಷೆಗೆ ಬಂದ ಸರ್ವೇಯರು ಉಳ್ಳಾಲದ ಕಡೆಯ ಬ್ಯಾರಿ ಮುಸಲ್ಮಾನರು, ನನ್ನ ಗಂಡನ ಗೆಳೆಯ. ಮಣ್ಣು ಮಾಡುವ ದಿನ ಕೊರೊನಾದ ಬಿಳಿ ರಕ್ಷಣಾ ಸೂಟು ತೊಟ್ಟು ಪೆಟ್ಟಿಗೆಗೆ ಹೆಗಲು ಕೊಟ್ಟ ನಾಲ್ವರಲ್ಲಿ ಒಬ್ಬರು. ಅವರು ಹೊಡೆಯುತ್ತಾ ಹೋದರು, ನಾನು ಪಟ್ಟಿಯಲ್ಲಿ ಗುರುತು ಹಾಕುತ್ತಾ ಹೋದೆ. ಸಣ್ಣವೆಲ್ಲ ಸರಿಯಾಗಿದ್ದವು. ಕೊನೆಗೆ ಕ್ರೇನಿನಲ್ಲಿ ದೊಡ್ಡದು ತೂಗಿತು.

"ಇದೊಂದಕ್ಕೆ ಹೊಡೆಯುವುದು ಬೇಡ," ಎಂದೆ. "ಓಕೆ ಅಂತ ಬರೆದುಬಿಡುವ."

ಬೇರೆಯವರ ಕಾಗದದಲ್ಲಿ ಒಂದು ಚುಕ್ಕಿ ತಪ್ಪಿದರೂ ಹರಿಹಾಯುವವಳು ನಾನು. ಅವರು ಸುತ್ತಿಗೆ ಕೆಳಗಿಟ್ಟು ನನ್ನ ಮುಖ ನೋಡಿದರು. ಆವರೆಗೆ ಯಾರಿಗೂ ಹೇಳದಿದ್ದ ಅಜ್ಜಿಯ ಮಾತು, ಕೀಲಿ, ಐದೂವರೆ, ಎಲ್ಲವನ್ನೂ ಹೇಳಿಬಿಟ್ಟೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ನಿಮಗೆ ಸಂತೋಷ ಉಂಟು ಮೇಡಂ, ಸರಿ," ಎಂದರು. "ಅವನದ್ದೊಂದು ಆಲೋಚನೆ ಮಾಡಿ. ದಿನಾ ಡ್ಯೂಟಿ ಮುಗಿಸಿ ಬರುವುದು, ಕೀಲಿ ತಿರುಗಿಸುವುದು, ಬಾಗಿಲು ಮಾತ್ರ ತೆರೆಯುವುದಿಲ್ಲ. ನಾಲ್ಕು ವರ್ಷದಿಂದ ಹೊರಗೇ ನಿಂತಿದ್ದಾನೆ ಅಲ್ಲವಾ?"

ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನನಗೆ ಇದು ಹೊಳೆದಿರಲಿಲ್ಲ. ಸದ್ದು ಕೇಳಿ ನಾನು ಒಳಗೆ ಆರಾಮವಾಗಿ ಚಹಾ ಕುಡಿಯುತ್ತಿದ್ದೆ. ಅವರು ಬಾಗಿಲ ಆಚೆ ಬೆವರೊರೆಸಿಕೊಳ್ಳುತ್ತಾ, ಒಳಗಿದ್ದೂ ಇವಳು ಯಾಕೆ ತೆರೆಯುವುದಿಲ್ಲ ಎಂದು ನಿಂತಿರಬಹುದು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಸುತ್ತಿಗೆ ಕೊಡಿ ಎಂದು ಕೈ ಚಾಚಿದೆ.

ನಮ್ಮೂರಿನ ಕ್ರಮದಂತೆ ಬಿಡಿಬಿಡಿಯಾಗಿ ಹೊಡೆದೆ. ಒಂದು ಪೆಟ್ಟಿನ ನಾದ ಪೂರ್ತಿ ಆರಿದ ಮೇಲೆ ಇನ್ನೊಂದು. ನಾದ ಕಾಲಡಿಯ ಸಿಮೆಂಟಿನಿಂದ ಮೊಣಕಾಲಿಗೆ ಹತ್ತಿತು. ಯಾರ್ಡಿನ ಕೆಲಸಗಾರರು ಏನೆಂದು ತಿಳಿಯದೆಯೇ ಟೋಪಿ ತೆಗೆದರು. ಗಂಟೆಯಲ್ಲಿ ಬಿರುಕಿರಲಿಲ್ಲ. ಸರ್ವೇಯರು ಎರಡೂ ಅಂಗೈ ಮುಖಕ್ಕೆ ಒತ್ತಿಕೊಂಡು ಏನೋ ಪ್ರಾರ್ಥಿಸಿ, ಆಮೇಲೆ ಪಟ್ಟಿಗೆ ಸಹಿ ಹಾಕಿದರು.

ಆ ಸಂಜೆ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಸೂಕ್ ವಾಕಿಫ್ ಪೇಟೆಯಲ್ಲಿ ಏನನ್ನೂ ಕೊಳ್ಳದೆ ಕತ್ತಲಾಗುವವರೆಗೆ ಸುತ್ತಿದೆ. ಮರುದಿನವೂ ಅಷ್ಟೇ. ಆಮೇಲೆ ಮ್ಯಾನೇಜರಿಗೆ ಹೇಳಿ ಡ್ಯೂಟಿಯನ್ನು ಏಳು ಗಂಟೆಯವರೆಗೆ ಮಾಡಿಸಿಕೊಂಡೆ. ರಜೆಯ ದಿನ ನಾಲ್ಕಕ್ಕೇ ಏನಾದರೊಂದು ನೆಪ ಮಾಡಿ ಹೊರಬೀಳುತ್ತೇನೆ. ಕೀಲಿ ಇನ್ನೂ ತಿರುಗುತ್ತಿದ್ದರೆ ಅವರ ಮುಖ ಹೇಗೆ ನೋಡಲಿ? ತಿರುಗುವುದು ನಿಂತಿದ್ದರೆ, ನಿಲ್ಲಿಸಿದವಳು ನಾನೇ. ಎರಡು ವರ್ಷವಾಯಿತು, ಯಾವುದು ನಿಜವೆಂದು ನನಗೆ ಗೊತ್ತಿಲ್ಲ. ಐದೂವರೆಗೆ ನಾನು ಆ ಮನೆಯಲ್ಲಿ ಇರುವುದಿಲ್ಲ.