ಆಚಾರ್ರು ಒಪ್ಪಿಸದ ಬಾಗಿಲು

ಕಣ್ಣಿಗೆ ಕಾಣದ್ದನ್ನು ನಂಬುವವರ ಪೈಕಿ ನಾನಲ್ಲ, ಅಥವಾ ಆಗ ಆಗಿರಲಿಲ್ಲ. ಊರಿನಲ್ಲಿ ಭೂತದ ಕೋಲ ನಡೆದಾಗ ಹಿರಿಯರ ಜೊತೆ ನಿಂತು ಕೈ ಮುಗಿಯುತ್ತಿದ್ದೆ, ಮನೆಗೆ ಬಂದು ಅವರ ಬೆನ್ನ ಹಿಂದೆ ನಗುತ್ತಿದ್ದೆ. ಯಾರಾದರೂ ಇಂಥ ಅನುಭವ ಹೇಳಲು ಶುರು ಮಾಡಿದರೆ, ‘ರಾತ್ರಿ ಊಟ ಜಾಸ್ತಿಯಾಗಿತ್ತಾ?’ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ನೀವೂ ಹಾಗೆ ಕೇಳಬಹುದು, ನನ್ನ ಆಕ್ಷೇಪವಿಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ನೆನೆದಾಗ ನನಗೆ ಬರುವುದು ಹೆದರಿಕೆಯಲ್ಲ, ಸಿಟ್ಟು. ಇಷ್ಟು ವರ್ಷವಾದರೂ ಅದು ಇಳಿದಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಸ್ಕತ್ತಿನ ವಾದಿ ಅದಾಯ್‌ನಲ್ಲಿದ್ದ ಒಂದು ಮರಗೆಲಸದ ಕಂಪೆನಿಯ ಆಫೀಸಿನಲ್ಲಿದ್ದೆ. ಸೈಟಿನವರಿಗೆ ಆಫೀಸಿನ ಮಾತು, ಆಫೀಸಿನವರಿಗೆ ಸೈಟಿನ ಮಾತು ಮುಟ್ಟಿಸುವುದೇ ನನ್ನ ಮುಖ್ಯ ಕೆಲಸವಾಗಿತ್ತು. ಆಗ ಬೌಷರ್ ಕಡೆ ಎದ್ದ ಒಂದು ಹೋಟೆಲಿನವರಿಗೆ ವಿಚಿತ್ರ ಆಸೆ ಹುಟ್ಟಿತು. ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ರಸ್ತೆ ಅಗಲ ಮಾಡಲು ಒಂದು ಪುರಾತನ ಪಬ್ಬನ್ನು ಕೆಡವುತ್ತಿದ್ದರಂತೆ. ಕುದುರೆ ಗಾಡಿಯ ಕಾಲದಲ್ಲಿ ದಾರಿಹೋಕರು ಉಂಡು, ಕುಡಿದು, ಮಾಳಿಗೆಯ ಕೋಣೆಯಲ್ಲಿ ಮಲಗಿ ಹೋಗುತ್ತಿದ್ದ ಜಾಗ. ಅದರ ತೊಲೆ, ಕಂಬ, ಕೌಂಟರು, ಬಾಗಿಲು ಎಲ್ಲವನ್ನೂ ಕೊಂಡು, ಒಂದೊಂದಕ್ಕೂ ನಂಬರು ಬರೆದು, ಕಂಟೇನರಿಗೆ ತುಂಬಿಸಿ ಇಲ್ಲಿಗೆ ತಂದರು. ಹೋಟೆಲಿನ ಅಂಗಳದಲ್ಲಿ ಅದನ್ನು ಇದ್ದ ಹಾಗೆಯೇ ಮತ್ತೆ ನಿಲ್ಲಿಸುವ ಕೆಲಸ ನಮ್ಮ ಕಂಪೆನಿಗೆ ಬಂತು.

ನಿಲ್ಲಿಸಿದವರು ಕಾರ್ಕಳ ಕಡೆಯ ಶೀನ ಆಚಾರ್ರು ಮತ್ತು ಅವರ ಕೈಕೆಳಗಿನ ಬಡಗಿಗಳು. ಆಚಾರ್ರು ಸಾಧು ಮನುಷ್ಯ ಎಂದು ನಾನು ಹೇಳುವುದಿಲ್ಲ. ಬಾಯಿ ಜೋರು, ಮೂಗಿನ ತುದಿಯಲ್ಲೇ ಕೋಪ. ಮಾಂಸ ಬೇಯಿಸಿದ ಪಾತ್ರೆ ಎಂದು ಕ್ಯಾಂಪಿನ ಮೆಸ್ಸಿನಲ್ಲಿ ಉಣ್ಣದೆ ತಾವೇ ಸ್ಟವ್ ಹಚ್ಚಿಕೊಳ್ಳುತ್ತಿದ್ದರು. ನಂಬರು ಅಳಿಸಿಹೋದ ತೊಲೆ ಸಿಕ್ಕಿದರೆ ಇಂಗ್ಲೆಂಡಿನವರಿಗೆಲ್ಲ ಒಟ್ಟಿಗೆ ಬೈದು, ಒಂದು ಬೀಡಿ ಸೇದಿ, ಆಮೇಲೆ ಅದರ ಜಾಗ ಹುಡುಕುತ್ತಿದ್ದರು. ಆ ಬೇಸಿಗೆಯ ಬಿಸಿಲಿನಲ್ಲಿ ಅವರು ಆ ಕಟ್ಟಡವನ್ನು ಮೇಲೆಬ್ಬಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಲಸ ಮುಗಿದಾಗ ಅವರು ಕೇಳಿದ್ದು ಒಂದೇ. ನಮ್ಮ ಕಡೆ ಮನೆ ಕಟ್ಟಿದ ಆಚಾರಿಯನ್ನು ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಮೊದಲು ಆ ಮನೆಯೊಳಗೇ ಕೂರಿಸಿ, ಊಟ ಹಾಕಿ, ಹೊಸ ಬಟ್ಟೆ ಕೊಟ್ಟು ಕಳಿಸುವ ಕ್ರಮವುಂಟು. ಆಮೇಲೆಯೇ ಅವನು ಮನೆಯನ್ನು ಒಪ್ಪಿಸಿದ ಹಾಗೆ.

“ದೊಡ್ಡ ಊಟ ಎಲ್ಲ ಬೇಡ ಮಾರಾಯ್ರೆ,” ಎಂದರು ಆಚಾರ್ರು. “ಒಂದು ಮುಷ್ಟಿ ಅನ್ನ, ಒಂದು ಟವಲು. ಒಳಗೆ ಕೂತು ಉಣ್ಬೇಕು, ಅಷ್ಟೆ. ನೀವೊಮ್ಮೆ ಹೇಳಿ ನೋಡಿ.”

ನಾನು ಹೋಟೆಲಿನ ಮ್ಯಾನೇಜರಿಗೆ ಹೇಳಿದೆ. ಅವನು ಇಂಗ್ಲೆಂಡಿನವನು, ತೆಳ್ಳಗೆ ಉದ್ದಕ್ಕಿದ್ದ, ಸದಾ ನಗುತ್ತಲೇ ಮಾತಾಡುವವನು. ಅವತ್ತೂ ನಕ್ಕ. ಅತಿಥಿಗಳು ಕೂರುವಲ್ಲಿ ಕೆಲಸಗಾರರು ಕೂರುವುದು ಹೋಟೆಲಿನ ನಿಯಮದಲ್ಲಿ ಇಲ್ಲ, ಬೇಕಾದರೆ ಕ್ಯಾಂಪಿಗೆ ಹೋಗುವ ಬಸ್ಸಿಗೇ ಸ್ಯಾಂಡ್‌ವಿಚ್ ಕಳಿಸುತ್ತೇನೆ ಅಂದ. ಕಳಿಸಿದ ಕೂಡ, ಕೋಳಿಯದ್ದು. ಆಚಾರ್ರು ಪೊಟ್ಟಣವನ್ನು ಬಿಡಿಸದೆ ಪಬ್ಬಿನ ಮುಂಬಾಗಿಲ ಹೊಸ್ತಿಲ ಮೇಲೆ ಇಟ್ಟು ಬಂದು ಬಸ್ ಹತ್ತಿದರು. “ನಾನು ಒಪ್ಪಿಸ್ಲಿಲ್ಲ,” ಎಂದರು.

ನನಗೆ ಮೈ ಉರಿಯಿತು. ಕ್ರಮದಲ್ಲಿ ನಂಬಿಕೆಯಿದ್ದು ಉರಿದದ್ದಲ್ಲ. ಇಡೀ ಪಬ್ಬನ್ನು ಹೆಗಲ ಮೇಲೆ ಹೊತ್ತು ನಿಲ್ಲಿಸಿದವನಿಗೆ ಅದರೊಳಗೆ ಒಂದು ಕುರ್ಚಿ ಇಲ್ಲವಲ್ಲ ಎಂದು.

ಉದ್ಘಾಟನೆಯಾಗಿ ಸ್ವಲ್ಪ ದಿನಕ್ಕೇ ಆ ಮುಂಬಾಗಿಲು ಕಚ್ಚಿಕೊಂಡಿತು. ಹಳೆಯ ಓಕ್ ಮರದ್ದು, ಮೈತುಂಬ ಕಬ್ಬಿಣದ ಮೊಳೆ ಹೊಡೆದ ದಪ್ಪ ಬಾಗಿಲು. ಆಚಾರ್ರನ್ನು ಕರೆಸಿದರು. ಅವರು ಬಿಜಾಗರಿ ಬಿಚ್ಚಿ, ಕೀಸುಳಿ ಹಿಡಿದು, ಮತ್ತೆ ಕೂರಿಸಿದರು. ಅವರಿದ್ದಷ್ಟು ಹೊತ್ತು ಬಾಗಿಲು ಸಲೀಸಾಗಿ ಆಡಿತು. ಅವರ ಗಾಡಿ ಗೇಟು ದಾಟಿದ ಮೇಲೆ ಮತ್ತೆ ಅದೇ ಕಥೆ. ಇಬ್ಬರು ಹೆಗಲು ಕೊಟ್ಟರೂ ಅಲುಗದು. ಮರ ಉಬ್ಬಿದೆ ಎನ್ನೋಣವೆಂದರೆ ಬಾಗಿಲಿಗೂ ಅದರ ಚೌಕಟ್ಟಾದ ದಾರಂದಕ್ಕೂ ನಡುವೆ ನಾಲ್ಕೂ ಬದಿಯಲ್ಲಿ ಬೆಳಕು ಕಾಣುತ್ತಿತ್ತು. ನಾನೇ ಕಾಗದ ತೂರಿಸಿ ನೋಡಿದ್ದೇನೆ, ಎಲ್ಲೂ ತಡೆಯಲಿಲ್ಲ. ಹಾಗಾಗಿ ಅತಿಥಿಗಳು ಅಡುಗೆಮನೆಯ ಪಕ್ಕದ ಓಣಿಯಿಂದ, ಪಾತ್ರೆ ತೊಳೆಯುವವರನ್ನು ದಾಟಿ ಒಳಗೆ ಹೋಗಬೇಕಾಯಿತು. ಅದನ್ನು ಕೇಳಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಖುಷಿ ಉಳಿಯಲಿಲ್ಲ. ಮ್ಯಾನೇಜರು ನಮ್ಮ ಧಣಿಗಳ ಮುಂದೆ ಕೂತು, ನಿಮ್ಮ ಬಡಗಿ ಬೇಕೆಂದೇ ಏನೋ ಕಿತಾಪತಿ ಮಾಡಿದ್ದಾನೆ ಎಂದ. ಆಚಾರ್ರನ್ನು ಕರೆದು ಕೇಳಿದರು. ಅವರು, “ಬಾಗಿಲಿಗೆ ಎಂತ ಆಗಿಲ್ಲ. ನನಗೆ ಒಳಗೆ ಊಟ ಹಾಕ್ಲಿಲ್ಲ, ನಾನು ಒಪ್ಪಿಸ್ಲಿಲ್ಲ. ಅದು ಹ್ಯಾಗೆ ತೆರೀತದೆ?” ಎಂದುಬಿಟ್ಟರು. ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ನನಗೆ ಅವರ ಮೇಲೂ ಸಿಟ್ಟು ಬಂತು. ಅನ್ನ ಹೋಗುವ ಹೊತ್ತಿನಲ್ಲಿ ಇದೆಂಥ ಹಟ? ನಾನು ಮಾತನ್ನು ಎಷ್ಟು ಮೆತ್ತಗೆ ಮಾಡಿದರೂ ಪ್ರಯೋಜನವಾಗಲಿಲ್ಲ. ಖಲಾಸ್, ವೀಸಾ ಕ್ಯಾನ್ಸಲ್. ಕೆಲಸ ಕೆಡಿಸಿದವನು ಎಂಬ ಹೆಸರು ಹೊತ್ತು ಆಚಾರ್ರು ವಿಮಾನ ಹತ್ತಿದರು. ಬಾಂಬೆಗೆ ಹೋಗುವ ಸಾಲಿನಲ್ಲಿ ನಿಂತು ಅವರು ನನ್ನತ್ತ ತಿರುಗಿ ಕೂಡ ನೋಡಲಿಲ್ಲ. ನನ್ನಿಂದ ಅವರಿಗೆ ಒಂದು ಊಟ ಹಾಕಿಸಲು ಆಗಲಿಲ್ಲವಲ್ಲ ಎಂಬುದು ಆವತ್ತಿನಿಂದ ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು.

ತೊಂಬತ್ತರ ದಶಕ ಬಂತು. ಬಾಗಿಲು ತೆರೆಯಲಿಲ್ಲ. ಬೇರೆ ಕಂಪೆನಿಯವರು ಬಂದು ನೋಡಿ ತಲೆ ಕೆರೆದುಕೊಂಡು ಹೋದರು. ಕಡಿದು ಹಾಕಲು ಮ್ಯಾನೇಜರಿಗೆ ಮನಸ್ಸಿಲ್ಲ, ಪುರಾತನ ವಸ್ತುವಲ್ಲವೇ. ಕೊನೆಗೆ ಮತ್ತೆ ನಮ್ಮನ್ನೇ ಹಿಡಿದ. ಒಬ್ಬರು ಬಂದು ಒಂದು ದಿನ ಉಳಿದು, ಬಿಸಿಲಿಗೆ, ತಂಪಿಗೆ ಬಾಗಿಲು ಹೇಗಿರುತ್ತದೆಂದು ನೋಡಲಿ, ಊಟ, ಪಾನೀಯ, ಕೋಣೆ ಎಲ್ಲ ಹೋಟೆಲಿನದ್ದೇ ಎಂದ. ನೋಡಿ ವರದಿ ಕೊಡುವುದಷ್ಟೇ ಎಂದು ನಮ್ಮವರು ಬಡಗಿಯ ಬದಲು ನನ್ನನ್ನು ಕಳಿಸಿದರು. ದೀಪಾವಳಿ ಕಳೆದ ಶುಕ್ರವಾರ ಅದು.

ಟೈ ಕಟ್ಟಿಕೊಂಡು ಹೋದ ನನಗೆ ಸಿಕ್ಕಿದ ಮರ್ಯಾದೆ ನೋಡಬೇಕಿತ್ತು. ಮಾಳಿಗೆಯಲ್ಲಿ ಕೋಣೆ, ಬಗ್ಗಿಕೊಂಡು ಹೋಗಬೇಕಾದ ಕಪ್ಪು ತೊಲೆಗಳು, ಬಿಳಿ ಹಾಸಿಗೆ. ಕೆಳಗೆ ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದು ಬರಹ. ಪಬ್ಬು ಎಷ್ಟು ಹಳೆಯದು, ಯಾವ ಜಮೀನುದಾರ ಇಲ್ಲಿ ತಂಗಿದ್ದ, ಹಡಗಿನಲ್ಲಿ ಹೇಗೆ ಬಂತು ಎಲ್ಲ ಅದರಲ್ಲಿತ್ತು. ಪಬ್ಬಿಗೊಂದು ದೆವ್ವವೂ ಇದೆಯಂತೆ, ಅದಕ್ಕೊಂದು ಇಡೀ ಪ್ಯಾರಾ ಕೊಟ್ಟಿದ್ದರು. ಕಟ್ಟಿ ನಿಲ್ಲಿಸಿದವರ ಬಗ್ಗೆ ಅರ್ಧ ಸಾಲಿಲ್ಲ. “ನಮ್ಮ ದೆವ್ವ ಕಂಟೇನರಿನಲ್ಲೇ ಬಂದಿರಬೇಕು, ಬಾಗಿಲು ಹಿಡಿದುಕೊಂಡಿರುವುದು ಅದೇ,” ಎಂದು ಮ್ಯಾನೇಜರು ನಕ್ಕ. ದೆವ್ವಕ್ಕೆ ಜಾಗ ಉಂಟು, ಆಚಾರ್ರಿಗೆ ಇಲ್ಲ.

ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಸಂಜೆಯವರೆಗೆ ಪಬ್ಬು ಮುಚ್ಚುತ್ತಿತ್ತು. ನಾನು ಬಾಗಿಲನ್ನು ತಳ್ಳಿ, ಎಳೆದು, ಎಣ್ಣೆ ಬಿಟ್ಟು, ಬೆವರಿ ಕೂತೆ. ಒಳಗೆ ಇದ್ದದ್ದು ನಾನು ಮತ್ತು ಕೌಂಟರಿನ ಲಾರೆನ್ಸ್. ಅವನು ಮಂಗಳೂರಿನವನು, ಮೊದಲಿನಿಂದಲೂ ಅಲ್ಲೇ ಇದ್ದವನು, ಆಚಾರ್ರ ಕಥೆ ಪೂರ್ತಿ ಗೊತ್ತಿದ್ದವನು. ನನಗೆ ಊಟ ಏನು ತರಲಿ ಎಂದು ಕೇಳಿದ. ಆಗ ನನ್ನ ತಲೆಯಲ್ಲಿ ಏನಾಯಿತೋ ತಿಳಿಯದು. ಈ ಊಟ ನನ್ನದಲ್ಲ, ಆಚಾರ್ರದ್ದು ಎಂದು ಬಾಯಿಂದ ಬಂತು. ಸಸ್ಯಾಹಾರ ಏನಿದೆಯೋ ತಾ, ಅತಿಥಿಗಳಿಗೆ ಕೊಡುವ ಒಳ್ಳೆಯ ತಟ್ಟೆಯಲ್ಲೇ ತಾ ಅಂದೆ.

ಬೇಯಿಸಿದ ಬಟಾಣಿ, ಆಲೂಗಡ್ಡೆ, ಬೆಣ್ಣೆ ಹಚ್ಚಿದ ಬ್ರೆಡ್ಡು ಬಂತು. ಬಟಾಣಿ ಸಪ್ಪೆ ಎಂದು ಲಾರೆನ್ಸ್ ಅದರ ಮೇಲೆ ಒಂದು ಹಸಿರು ಗೊಜ್ಜು ಸುರಿದ. ಪುದಿನ ಸೊಪ್ಪು ಹೆಚ್ಚಿ ವಿನೆಗರು, ಸಕ್ಕರೆ ಹಾಕಿ ಮಾಡುವುದು, ಇಂಗ್ಲೆಂಡಿನವರ ರುಚಿ. ಅನ್ನ ಮಾತ್ರ ಸ್ಟಾಫ್ ಮೆಸ್ಸಿನಿಂದ ಕದ್ದು ತಂದ. ನಡುವಿನ ದೊಡ್ಡ ಮೇಜಿನಲ್ಲಿ ಬಡಿಸಿದೆವು. ಪಬ್ಬಿನ ಚಿತ್ರ ಅಚ್ಚು ಹಾಕಿದ ಟವಲುಗಳು ಕೌಂಟರಿನಲ್ಲಿ ಮಾರಾಟಕ್ಕಿದ್ದವು. ಒಂದನ್ನು ಕೊಂಡು ತಟ್ಟೆಯ ಪಕ್ಕದಲ್ಲಿಟ್ಟೆ. “ಆಚಾರ್ರೆ, ಊಟಕ್ಕೆ ಬನ್ನಿ,” ಎಂದು ಕರೆದೆ. ಕರೆದು, ಅಭ್ಯಾಸ ಬಲದಿಂದ, ಲಾರೆನ್ಸನನ್ನೂ ಎಬ್ಬಿಸಿಕೊಂಡು ಓಣಿಗೆ ಬಂದು ಒಳಬಾಗಿಲು ಎಳೆದುಕೊಂಡೆ.

ಆಮೇಲೆ ಹೊಳೆಯಿತು ನಾನು ಮಾಡಿದ್ದೇನೆಂದು. ಬಡಿಸಿ, ಹೆಸರು ಹಿಡಿದು ಕರೆದು, ಹೊರಗೆ ಬಂದು ನಿಲ್ಲುವುದು ನಮ್ಮಲ್ಲಿ ತೀರಿಕೊಂಡವರಿಗೆ ಮಾತ್ರ. ಬದುಕಿರುವ ಮನುಷ್ಯನಿಗೆ ನಾನು ಸತ್ತವರ ಊಟ ಬಡಿಸಿದ್ದೆ. ತಟ್ಟೆ ಎತ್ತಿಬಿಡೋಣ ಎಂದು ಒಳಬಾಗಿಲಿಗೆ ಕೈ ಹಾಕಿದೆ. ಅಷ್ಟರಲ್ಲಿ ಒಳಗೆ ಮುಂಬಾಗಿಲು ಕಚ್ಚು ಬಿಟ್ಟ ಸದ್ದು ಕೇಳಿತು, ಅದರ ಹಿಂದೆಯೇ ಬಿಜಾಗರಿ ಕಿರುಗುಟ್ಟಿತು.

ಒಳಗೆ ಹೋದರೆ ಮುಂಬಾಗಿಲು ಪೂರ್ತಿ ತೆರೆದಿತ್ತು. ಸಂಜೆಯ ಬಿಸಿಲು ಮೇಜಿನವರೆಗೆ ಬಂದು ಬಿದ್ದಿತ್ತು. ಒಳಗೆ ಯಾರೂ ಇರಲಿಲ್ಲ, ಹೊರಗೆ ಅಂಗಳದಲ್ಲೂ ಯಾರೂ ಇರಲಿಲ್ಲ. ತಟ್ಟೆಯಲ್ಲಿ ಒಂದು ಬಟಾಣಿಯೂ ಕದಲಿರಲಿಲ್ಲ. ಲಾರೆನ್ಸ್ ಶಿಲುಬೆಯ ಗುರುತು ಮಾಡಿಕೊಂಡ. ನಾನು ಹೋಗಿ ಬಾಗಿಲನ್ನು ಮುಟ್ಟಿದೆ. ಒಂದು ಬೆರಳಿಗೆ ಆಡಿತು.

ಮ್ಯಾನೇಜರು ಓಡಿ ಬಂದು ನನ್ನ ಬೆನ್ನು ತಟ್ಟಿದ. ನಾನೇನೂ ಮಾಡಿಲ್ಲ, ಬಡಗಿಗೆ ಊಟ ಹಾಕಿದೆ ಅಷ್ಟೆ ಎಂದೆ. ಅವನು ಮೇಜನ್ನೂ ನನ್ನನ್ನೂ ನೋಡಿ ಗಟ್ಟಿಯಾಗಿ ನಕ್ಕು, “ಅಂತೂ ನಮ್ಮ ದೆವ್ವ ದಾರಿ ಬಿಟ್ಟಿತು,” ಎಂದ. ನನ್ನ ಮನಸ್ಸೆಲ್ಲ ಕಾರ್ಕಳದಲ್ಲಿತ್ತು. ಆ ಊಟಕ್ಕೆ ಬಂದರೆಂದರೆ ಆಚಾರ್ರು ತೀರಿಹೋಗಿದ್ದಾರೆ ಎಂದೇ ನಿಶ್ಚಯಿಸಿದ್ದೆ. ಆ ಬಿಳಿ ಹಾಸಿಗೆಯಲ್ಲಿ ಮಲಗದೆ ಟ್ಯಾಕ್ಸಿ ಹಿಡಿದು ಮನೆಗೆ ಹೋದೆ.

ಅವರ ಮನೆಯಲ್ಲಿ ಫೋನಿರಲಿಲ್ಲ. ರಜೆ ಸಿಕ್ಕಿದಾಗ ಊರಿಗೆ ಹೋದವನು ಮರುದಿನವೇ ಕಾರ್ಕಳದ ಬಸ್ಸು ಹತ್ತಿದೆ. ದಾರಿಯಲ್ಲಿ, ಮನೆಯವರಿಗೆ ಏನು ಹೇಳಿ ಸಮಾಧಾನ ಮಾಡಲಿ ಎಂದು ಮಾತು ಜೋಡಿಸಿಕೊಂಡಿದ್ದೆ. ಹೋಗಿ ನೋಡಿದರೆ ಆಚಾರ್ರು ಚಾವಡಿಯಲ್ಲಿ ಕಾಲು ಚಾಚಿ ಕೂತು ಯಾರದ್ದೋ ದಾರಂದಕ್ಕೆ ಉಳಿ ಹೊಡೆಯುತ್ತಿದ್ದಾರೆ. ನನಗೆ ಅಳು ಬಂದುಬಿಟ್ಟಿತು.

ನಾನು ಏನೂ ಹೇಳುವ ಮೊದಲೇ ಅವರು ಕೇಳಿದರು. “ದೀಪಾವಳಿ ಕಳೆದ ಶುಕ್ರವಾರ ನೀವು ಎಂತ ಮಾಡಿದ್ರಿ ಮಾರಾಯ್ರೆ? ರಾತ್ರಿ ಗಂಜಿಗೆ ಕೂತ್ರೆ ಹೊಟ್ಟೆ ಗಡದ್ದು. ಬಾಯಿಯಲ್ಲಿ ಪುದಿನದ ರುಚಿ, ಹುಳಿ ಹುಳಿ, ಸಿಹಿಯೂ ಉಂಟು. ನಮ್ಮ ಮನೆಯಲ್ಲಿ ಪುದಿನ ತರುವ ಕ್ರಮವೇ ಇಲ್ಲ.”

ನಾನು ನಡೆದದ್ದನ್ನು ಹೇಳಿದೆ. ಬದುಕಿದ್ದವನಿಗೆ ಹಾಗೆ ಬಡಿಸಿದ್ದಕ್ಕೆ ಅವರು ನನಗೆ ಚೆನ್ನಾಗಿ ಬೈದರು. ಆಮೇಲೆ ಉಳಿ ಕೆಳಗಿಟ್ಟು, “ಬಾಗಿಲು ತೆರೀತಾ?” ಎಂದರು.

“ತೆರೀತು.”

“ಹಾಗಾದ್ರೆ ಒಪ್ಪಿಸಿ ಆಯ್ತು.”

“ಆದರೆ ಊಟ ಹೋಟೆಲಿನವರು ಹಾಕಿದ್ದಲ್ಲ, ನಾನು ಹಾಕಿದ್ದು,” ಎಂದೆ.

“ಯಾರು ಹಾಕಿದ್ರು ಅಂತ ಬಾಗಿಲಿಗೆ ಎಂತ ಗೊತ್ತು?” ಎಂದು ಅವರು ಮತ್ತೆ ಕೆಲಸ ಹಿಡಿದರು. ಅವರ ಮುಖದಲ್ಲಿ ಕೋಪದ ಸುಳಿವೇ ಇರಲಿಲ್ಲ. ಮೂಗಿನ ತುದಿಯ ಆ ಕೋಪವನ್ನು ಬಾಗಿಲ ಜೊತೆಗೆ ಒಪ್ಪಿಸಿಬಿಟ್ಟಿದ್ದರೋ ಏನೋ.

ಇದಕ್ಕೆ ಅರ್ಥ ನನಗೆ ಇವತ್ತಿಗೂ ಗೊತ್ತಿಲ್ಲ. ಮರದ ಬಗ್ಗೆ ತಿಳಿದವರನ್ನು ಕೇಳಿದ್ದೇನೆ, ದೇವರ ಬಗ್ಗೆ ತಿಳಿದವರನ್ನೂ ಕೇಳಿದ್ದೇನೆ, ಯಾರ ಉತ್ತರವೂ ಪುದಿನದ ತನಕ ಬರುವುದಿಲ್ಲ. ಆಚಾರ್ರಿಗೆ ಊಟ ಸಿಕ್ಕಿತು, ಅಷ್ಟು ಸಂತೋಷ. ಆದರೆ ಒಂದು ತುತ್ತು ಹಾಕದವನ ಬಾಗಿಲು ಒಂದು ಬೆರಳಿಗೆ ಆಡುವಂತಾಯಿತಲ್ಲ, ಅದೂ ನನ್ನ ಕೈಯಿಂದಲೇ. ಹೀಗಾಗುತ್ತದೆಂದು ತಿಳಿದಿದ್ದರೆ ಆ ತಟ್ಟೆಯನ್ನು ಓಣಿಯಲ್ಲಿ ನಿಂತು ನಾನೇ ಖಾಲಿ ಮಾಡಿ, ಆಚಾರ್ರಿಗೆ ಊರಿಗೆ ಬಂದು ನನ್ನ ಮನೆಯಲ್ಲೇ ಬಡಿಸುತ್ತಿದ್ದೆ. ಹೋಟೆಲಿನ ಅತಿಥಿಗಳು ಪಾತ್ರೆ ತೊಳೆಯುವ ನೀರನ್ನು ದಾಟಿಕೊಂಡೇ ಓಡಾಡುತ್ತಿರಲಿ ಎಂದು ಬಿಡುತ್ತಿದ್ದೆ.